ಮಗಳ ಎರಡು ಗಾರ್ಟರ್ ಹಾವು ಯಾವ ಜಾತಿ ಅಂತ ತಿಳಿಯೋದು ಹೇಗೆ?

ನಮಸ್ಕಾರ. ಚಿಕಾಗೋ ಹತ್ತಿರದ ಮೇಳವೊಂದರಲ್ಲಿ ಮಗಳಿಗೆ ಎರಡು ಗಾರ್ಟರ್ ಹಾವು ಕೊಡಿಸಿದ್ದೀರಿ, ಡಬ್ಬಿಯ ಮೇಲೆ ಬರೀ 'ಗಾರ್ಟರ್' ಅಂತಿತ್ತು, ಒಂದಕ್ಕೆ ಕಪ್ಪು ಮೈ ಮೇಲೆ ಕಿತ್ತಳೆ ಗೆರೆ, ಇನ್ನೊಂದಕ್ಕೆ ಮಾಸಲು ಕಂದು ಮೈ ತುಂಬ ಕಪ್ಪು ಚೌಕ, ಎರಡೂ ಒಂದೇ ಜಾತಿಯಾ, ಒಟ್ಟಿಗೆ ಇಡಬಹುದಾ ಅಂತ ಕೇಳಿದ್ದೀರಿ. ನಾನೂ ಇಲ್ಲೇ ಅಮೆರಿಕದಲ್ಲಿ ಇವನ್ನು ಸಾಕಿಕೊಂಡಿದ್ದೇನೆ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತೆ.

ಗಾರ್ಟರ್ ಅನ್ನೋದು ಒಂದು ಜಾತಿಯ ಹೆಸರಲ್ಲ. ಥ್ಯಾಮ್ನೋಫಿಸ್ ಎಂಬ ಕುಲದಲ್ಲಿ 30ಕ್ಕೂ ಹೆಚ್ಚು ಜಾತಿಗಳಿವೆ, ಮಾರುವವರು ಎಲ್ಲಕ್ಕೂ ಒಂದೇ ಚೀಟಿ ಅಂಟಿಸುತ್ತಾರೆ. ಹಿತ್ತಲಲ್ಲಿ ಸಿಕ್ಕ ಹಾವಾದರೆ ಆ ಜಿಲ್ಲೆಯಲ್ಲಿ ಯಾವ ಜಾತಿ ಇದೆ ಅಂತ ನೋಡಿದರೆ ಅರ್ಧ ಕೆಲಸ ಮುಗಿಯಿತು. ಮೇಳದ ಹಾವಿಗೆ ಊರೇ ಇಲ್ಲ, ಯಾರದೋ ಮನೆಯ ಗಾಜಿನ ಪೆಟ್ಟಿಗೆಯಲ್ಲಿ ಹುಟ್ಟಿರುತ್ತೆ. ಬಣ್ಣವನ್ನಂತೂ ನಂಬಲೇಬೇಡಿ. ಕಾಮನ್ ಗಾರ್ಟರ್ ಒಂದರಲ್ಲೇ ಹಳದಿ ಗೆರೆಯದ್ದು, ಪಕ್ಕೆಯಲ್ಲಿ ಕೆಂಪು ಇರುವುದು, ಫ್ಲಾರಿಡಾದ ನೀಲಿ ಛಾಯೆಯದ್ದು, ಬಹುತೇಕ ಅಚ್ಚಗಪ್ಪು ಎಲ್ಲಾ ಇವೆ. ಸಾಕುವವರು ಬೆಳೆಸಿದ ಬಿಳಿ ಅಲ್ಬಿನೋಗಳು ಬೇರೆ. ಬಣ್ಣ ಎಷ್ಟೇ ಬದಲಾಗಲಿ, ಹುರುಪೆಯ ಸಾಲಿನ ಲೆಕ್ಕ ಅಷ್ಟು ಸುಲಭಕ್ಕೆ ಬದಲಾಗಲ್ಲ.

ಚೌಕದ ಹಾವು ಬಹುತೇಕ ಚೆಕರ್ಡ್ ಗಾರ್ಟರ್, ಥ್ಯಾಮ್ನೋಫಿಸ್ ಮಾರ್ಸಿಯಾನಸ್. ಟೆಕ್ಸಾಸ್, ಅರಿಜೋನಾ, ಮೆಕ್ಸಿಕೋ ಕಡೆಯದು, ಸಾಕುವವರ ಹತ್ತಿರ ಧಾರಾಳವಾಗಿ ಸಿಗುತ್ತೆ. ಖಾತ್ರಿಗೆ ದವಡೆಯ ತುದಿಯ ಹಿಂದೆ ನೋಡಿ, ಎರಡೂ ಕಡೆ ತಿಳಿಹಳದಿ ಅರ್ಧಚಂದ್ರ, ಅದರ ಹಿಂದೆ ದೊಡ್ಡ ಕಪ್ಪು ಮಚ್ಚೆ ಇರಬೇಕು. ಮೇಲ್ದುಟಿಯ ಹುರುಪೆ ಒಂದು ಬದಿಗೆ ಸಾಮಾನ್ಯವಾಗಿ 8.

ಕಪ್ಪು ಹಾವೇ ತಲೆನೋವು. ಫೋಟೋ ನೋಡಿದ ಯಾರೋ 'ಈಸ್ಟರ್ನ್' ಅಂದರು ಅಂತ ಬರೆದಿದ್ದೀರಿ. ಈಸ್ಟರ್ನ್ ಅಂದರೆ ಕಾಮನ್ ಗಾರ್ಟರಿನ (ಥ್ಯಾಮ್ನೋಫಿಸ್ ಸಿರ್ಟಾಲಿಸ್) ಒಂದು ಉಪಜಾತಿ. ನನಗೆ ಅನುಮಾನ ಇದೆ. ಬೆನ್ನ ಗೆರೆ ಕಿತ್ತಳೆ, ತುಟಿಯ ಮೇಲೆ ಎದ್ದು ಕಾಣುವ ಕಪ್ಪು ಅಡ್ಡಗೀಟುಗಳು, ಇವೆರಡೂ ಪ್ಲೇನ್ಸ್ ಗಾರ್ಟರ್ (ಥ್ಯಾಮ್ನೋಫಿಸ್ ರೇಡಿಕ್ಸ್) ಕಡೆ ಬೊಟ್ಟು ಮಾಡುತ್ತವೆ. ತೀರ್ಮಾನ ಮಾತ್ರ ಪಕ್ಕೆಯ ಗೆರೆಯಿಂದ. ಹೊಟ್ಟೆಯ ಅಡಿ ಅಗಲವಾದ ಪಟ್ಟಿಗಳಿರುತ್ತಲ್ಲ, ಅದರ ಮೇಲಿನ ಮೊದಲ ಸಣ್ಣ ಹುರುಪೆಯ ಸಾಲು 1 ಅಂತ ಹಿಡಿದು ಬೆನ್ನಿನ ಕಡೆಗೆ ಎಣಿಸಿ. ಗೆರೆ 2 ಮತ್ತು 3ನೇ ಸಾಲಿನಲ್ಲಿದ್ದರೆ ಕಾಮನ್, 3 ಮತ್ತು 4ರಲ್ಲಿದ್ದರೆ ಪ್ಲೇನ್ಸ್. ಹೊಟ್ಟೆಪಟ್ಟಿಯ ಅಂಚು ಪಕ್ಕೆಗೆ ಮಡಚಿಕೊಂಡಿರುವುದರಿಂದ ಅದನ್ನೇ 1 ಅಂತ ಲೆಕ್ಕಕ್ಕೆ ಹಿಡಿಯುವವರು ಬಹಳ, ಆಗ ಉತ್ತರ ತಲೆಕೆಳಗು. ಎಣಿಸುವುದು ದೇಹದ ಮುಂದಿನ ಕಾಲುಭಾಗದಲ್ಲಿ ಮಾತ್ರ, ಬಾಲದ ಕಡೆ ಹೋದಂತೆ ಸಾಲುಗಳು ಕಡಿಮೆಯಾಗುತ್ತವೆ.

3-4ರಲ್ಲಿ ಗೆರೆ ಇರುವ ಇನ್ನೊಂದು ಗುಂಪು ರಿಬ್ಬನ್ ಹಾವು. ಅದು ಹಗ್ಗದಷ್ಟು ಸಪೂರ, ಕಣ್ಣಿನ ಮುಂದೆ ಬಿಳಿ ಗೀಟು, ತುಟಿ ಸ್ವಚ್ಛ, ಬಾಲವೇ ಉದ್ದದ ಮೂರನೇ ಒಂದು ಭಾಗ. ನಿಮ್ಮದು ಅದಲ್ಲ.

ಜೀವಂತ ಹಾವಿನ ಮೇಲೆ ಸಾಲು ಎಣಿಸುವುದು ಕಷ್ಟ. ಅದು ಜಾರುತ್ತೆ, ಸಾಲದ್ದಕ್ಕೆ ಕೈ ತುಂಬ ಗಬ್ಬುನಾತದ ದ್ರವ ಬಳಿಯುತ್ತೆ, ತೊಳೆದರೂ ಆ ನಾತ ಸಂಜೆಯವರೆಗೆ ಹೋಗಲ್ಲ. ಪೊರೆ ಬಿಡುವವರೆಗೆ ಕಾಯಿರಿ. ಕಣ್ಣು ಹಾಲುಬಣ್ಣಕ್ಕೆ ತಿರುಗಿ ಮತ್ತೆ ತಿಳಿಯಾದ ಮೇಲೆ ಕೆಲವೇ ದಿನಕ್ಕೆ ಪೊರೆ ಬರುತ್ತೆ. ಹರಿಯದೆ ಸಿಕ್ಕರೆ ಸ್ವಲ್ಪ ಒದ್ದೆ ಮಾಡಿ, ಹೊಟ್ಟೆಪಟ್ಟಿಯ ನಡುವೆ ಉದ್ದಕ್ಕೆ ಕತ್ತರಿಸಿ, ಗಾಜಿನ ಮೇಲೆ ಹರಡಿ ಬೆಳಕಿಗೆ ಹಿಡಿಯಿರಿ. ಕಪ್ಪಿದ್ದ ಕಡೆ ಬೂದಿ ಛಾಯೆ ಉಳಿದಿರುತ್ತೆ, ಗೆರೆ ಇದ್ದ ಸಾಲು ತಿಳಿಯಾಗಿ ಕಾಣುತ್ತೆ. ಪ್ರತಿ ಹುರುಪೆಯ ನಡುವೆ ಕೂದಲೆಳೆಯಂಥ ಏಣು ಕಾಣಬೇಕು, ಗಾರ್ಟರುಗಳಿಗೆಲ್ಲ ಅದಿದೆ. ತಲೆಯ ಭಾಗ ಮುರಿಯದಿದ್ದರೆ ತುಟಿಯ ಹುರುಪೆಗಳನ್ನೂ ಅದರಲ್ಲೇ ಎಣಿಸಬಹುದು. ಮಲದ್ವಾರದ ಮೇಲಿನ ತಟ್ಟೆ ಇಡಿಯಾಗಿದ್ದರೆ ಗಾರ್ಟರ್, ಎರಡಾಗಿ ಸೀಳಿದ್ದರೆ ಇಲ್ಲಿನ ನೀರುಹಾವು ನೆರೋಡಿಯಾ ಇರಬಹುದು. ಮಗಳಿಗೆ ಒಂದು ಭೂತಗನ್ನಡಿ ಕೊಡಿಸಿ, ಎಣಿಕೆ ಅವಳಿಗೇ ಬಿಡಿ.

ನಿಮ್ಮ ಅತ್ತೆಯವರು ಫೋಟೋ ನೋಡಿ "ಇದು ನಮ್ಮ ಗದ್ದೆಯ ನೀರುಹಾವಲ್ಲವಾ" ಅಂದರಂತೆ. ಅವರ ಮಾತನ್ನು ತಳ್ಳಿಹಾಕಬೇಡಿ, ಊರಿನ ನೀರುಹಾವೂ ಗಾರ್ಟರೂ ಒಂದೇ ಬಳಗದವು. ವ್ಯತ್ಯಾಸ ಅಂದರೆ ನಮ್ಮದು ಮೊಟ್ಟೆ ಇಡುತ್ತೆ, ಗಾರ್ಟರ್ ಮರಿ ಹಾಕುತ್ತೆ. ಊರಿಗೆ ಹೋದಾಗ ಅದನ್ನೂ ಸಾಕೋಣ ಅಂತ ಮಗಳು ಹಟ ಹಿಡಿದರೆ ಮಾತ್ರ ಒಪ್ಪಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ.

ಒಟ್ಟಿಗೆ ಇಡುವ ವಿಚಾರ. ಗಾರ್ಟರುಗಳು ಜೊತೆಯಲ್ಲಿ ಚೆನ್ನಾಗಿಯೇ ಇರುತ್ತವೆ. ಆದರೆ ಜಾತಿ ಬೇರೆ ಅಂತ ಖಚಿತವಾದರೆ, ಗಂಡು ಹೆಣ್ಣು ಯಾವುದು ಅಂತ ತಿಳಿಯುವವರೆಗೆ ನಾನಾದರೆ ಬೇರೆ ಬೇರೆ ಇಡುತ್ತೇನೆ. ಒಟ್ಟಿಗೆ ಇಟ್ಟರೂ ಊಟ ಮಾತ್ರ ಬೇರೆ ಡಬ್ಬಿಯಲ್ಲಿ. ಒಂದೇ ಎರೆಹುಳುವನ್ನು ಎರಡು ಕಡೆಯಿಂದ ಹಿಡಿದರೆ ಎರಡೂ ಬಿಡಲ್ಲ, ದೊಡ್ಡದು ಹುಳುವಿನ ಜೊತೆ ಚಿಕ್ಕದರ ತಲೆಯನ್ನೂ ನುಂಗಲು ಶುರು ಮಾಡುತ್ತೆ. ಹುಳು ಕೊಡುವಾಗ ದೊಡ್ಡ ನೈಟ್‌ಕ್ರಾಲರ್ ಕೊಡಿ, ಗೊಬ್ಬರದ ಕೆಂಪು ಹುಳು ಬೇಡ, ಅದು ವಿಷ. ಗೋಲ್ಡ್‌ಫಿಶ್ ಕೂಡ ಬೇಡ, ಅದರಲ್ಲಿರುವ ಥಯಾಮಿನೇಸ್ ಹಾವಿನ ಬಿ1 ಜೀವಸತ್ವವನ್ನು ಹಾಳುಮಾಡುತ್ತೆ.

ಪೊರೆ ಸಿಕ್ಕ ಮೇಲೂ ಗೊಂದಲ ಉಳಿದರೆ ಕುತ್ತಿಗೆಯ ಹಿಂದಿನ ಪಕ್ಕೆ, ತಲೆಯ ಒಂದು ಬದಿ, ಎರಡರ ಫೋಟೋವನ್ನೂ ಹತ್ತಿರದಿಂದ ತೆಗೆದು ಇಲ್ಲಿ ಹಾಕಿ. ಮೇಲಿಂದ ತೆಗೆದ ಫೋಟೋ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ.