ಮನೆಯಲ್ಲಿ ಮಾಡಿದ ರೊಟ್ಟಿ, ಚಟ್ನಿಗೆ ಇನ್‌ಸ್ಟಾಗ್ರಾಂ ಖಾತೆ ತೆರೆದು ಆರು ತಿಂಗಳಾದರೂ ಆರ್ಡರ್ ಬರುತ್ತಿಲ್ಲ. ಜಾಹೀರಾತಿಗೆ ದುಡ್ಡು ಹಾಕಬೇಕೇ?

ನಮಸ್ಕಾರ. ಧಾರವಾಡದಲ್ಲಿ ಮನೆಯಿಂದಲೇ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾರುತ್ತೀರೆಂದೂ, ದಿನಕ್ಕೊಂದು ಫೋಟೋ ಹಾಕಿದರೂ ಪರಿಚಯದವರನ್ನು ಬಿಟ್ಟು ಬೇರೆ ಯಾರೂ ಕೊಳ್ಳುತ್ತಿಲ್ಲವೆಂದೂ, ಇನ್ನು ತಿಂಗಳಿಗೆ ಐದು ಸಾವಿರ ರೂಪಾಯಿ ಜಾಹೀರಾತಿಗೆ ತೆಗೆದಿಡಬೇಕೇ ಎಂದೂ ನೀವು ಕೇಳಿದ್ದೀರಿ. ನಾನು ತಿನಿಸು ಮಾರುವವಳಲ್ಲ. ಇಳಕಲ್ಲಿನಲ್ಲಿ ನಮ್ಮ ಮನೆತನದ ಸೀರೆ ವ್ಯಾಪಾರದ ಆನ್‌ಲೈನ್ ಭಾಗವನ್ನು 2020ರಿಂದ ನೋಡಿಕೊಳ್ಳುತ್ತಿದ್ದೇನೆ. ಆ ಅನುಭವದ ಮೇಲೆ ಹೇಳುವುದಾದರೆ, ಜಾಹೀರಾತಿಗೆ ಈಗಲೇ ಹಣ ಹಾಕಬೇಡಿ. ಕೊಳ್ಳುವವರ ಮನಸ್ಸಿನಲ್ಲಿರುವ ಅನುಮಾನಕ್ಕೆ ನಿಮ್ಮ ಖಾತೆಯಲ್ಲಿ ಉತ್ತರ ಇಲ್ಲದಿರುವಾಗ ಇನ್ನಷ್ಟು ಜನರನ್ನು ಕರೆತಂದರೆ, ಅವರೂ ಬಂದು ನೋಡಿ ಹೋಗುತ್ತಾರೆ, ಅಷ್ಟೇ.

ಲಾಕ್‌ಡೌನಿನಲ್ಲಿ ಜಾತ್ರೆ, ಸಂತೆಗಳೆಲ್ಲ ನಿಂತಾಗ ಗಾಬರಿಯಿಂದ ಖಾತೆ ತೆರೆದ ನಾನು ಮೊದಲ ಎಂಟು ತಿಂಗಳು ನೀವು ಈಗ ಮಾಡುತ್ತಿರುವುದನ್ನೇ ಮಾಡಿದೆ. ಮಡಚಿಟ್ಟ ಸೀರೆಗಳ ಸಾಲನ್ನು ಟ್ಯೂಬ್‌ಲೈಟಿನ ಕೆಳಗೆ ಫೋಟೋ ತೆಗೆದು, "ಹೊಸ ಸ್ಟಾಕ್ ಬಂದಿದೆ, ಬೆಲೆಗೆ ಮೆಸೇಜ್ ಮಾಡಿ" ಎಂದು ಬರೆಯುತ್ತಿದ್ದೆ. ಫಾಲೋವರ್‌ಗಳನ್ನು ಹೆಚ್ಚಿಸಿಕೊಡುತ್ತೇವೆಂದು ಹೇಳಿದ ಒಬ್ಬ ಏಜೆಂಟರಿಗೆ ಹಣವನ್ನೂ ಕೊಟ್ಟೆ. ಒಂದೇ ವಾರದಲ್ಲಿ ಸಾವಿರಗಟ್ಟಲೆ ಜನ ಸೇರಿದರು. ಅವರಲ್ಲಿ ಸೀರೆ ಉಡುವವರು ಒಬ್ಬರಾದರೂ ಇದ್ದರೋ ಇಲ್ಲವೋ ದೇವರೇ ಬಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಆಮೇಲೆ ನಾನು ಏನು ಹಾಕಿದರೂ ಅದು ಮೊದಲು ಆ ನಿರ್ಜೀವ ಖಾತೆಗಳಿಗೆ ಹೋಗಿ, ಯಾರೂ ಮುಟ್ಟದೆ, ಅಲ್ಲಿಯೇ ಬಿದ್ದಿರುತ್ತಿತ್ತು.

ದಾರಿ ತೋರಿಸಿದ್ದು ಒಂದು ರಟ್ಟಿನ ನೋಟುಬುಕ್ಕು. ಪುಣೆಯ ಗ್ರಾಹಕರೊಬ್ಬರು ಗಿರಿಕುಂಕುಮ ಬಣ್ಣದ ಸೀರೆಯನ್ನು ತರಿಸಿಕೊಂಡು, "ಫೋಟೋದಲ್ಲಿ ಇದು ಮರೂನ್ ಇತ್ತು" ಎಂದು ಹಿಂದಿರುಗಿಸಿದರು. ತಪ್ಪು ಅವರದಲ್ಲ, ನಮ್ಮ ಟ್ಯೂಬ್‌ಲೈಟಿನದು. ಅಂದಿನಿಂದ ಯಾರು ಏನು ಕೇಳಿದರೂ, ಕೊಳ್ಳದೆ ಹೋದವರು ಕೊನೆಯದಾಗಿ ಏನು ಕೇಳಿ ಸುಮ್ಮನಾದರು ಎಂಬುದನ್ನೂ ಸೇರಿಸಿ, ಬರೆದಿಡುತ್ತ ಬಂದೆ. ಎರಡು ತಿಂಗಳಲ್ಲಿ ನೋಡಿದರೆ ಸುತ್ತಿ ಸುತ್ತಿ ಅವೇ ಐದಾರು ಪ್ರಶ್ನೆಗಳು. ಕೈಮಗ್ಗದ್ದೋ ಪವರ್‌ಲೂಮಿನದೋ? ಸೆರಗು ನಿಜವಾದ ರೇಷ್ಮೆಯೋ? ಬಣ್ಣ ಬಿಡುತ್ತದೆಯೇ? ಆರು ಗಜವೋ ಒಂಬತ್ತು ಗಜವೋ? ಕುಬಸದ (ರವಿಕೆಯ) ಖಣ ಜೊತೆಗೆ ಬರುತ್ತದೆಯೇ?

ಮೊದಲ ಪ್ರಶ್ನೆಗೆ ಉತ್ತರವಾಗಿ ನಾವು ಮಾಡಿದ ವಿಡಿಯೋ ಮುಕ್ಕಾಲು ನಿಮಿಷದ್ದೂ ಅಲ್ಲ. ಬೆಳಗಿನ ಒಂಬತ್ತರ ಬೆಳಕಿನಲ್ಲಿ ನಮ್ಮ ಅತ್ತೆ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಸೀರೆಯ ಹಿಮ್ಮಗ್ಗುಲನ್ನು ತಿರುವಿ, ಒಡಲು ಮುಗಿದು ಸೆರಗು ಶುರುವಾಗುವ ಜಾಗದಲ್ಲಿ ಉಗುರಾಡಿಸುತ್ತಾರೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಹೋಗುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಮಗ್ಗದ ಮೇಲೆಯೇ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುತ್ತಾರೆ. ಉಗುರಿಗೆ ಸಿಗುವ ಆ ಸಣ್ಣ ಏಣನ್ನು ತೋರಿಸುತ್ತ ಅತ್ತೆ, "ಇಲ್ಲಿ ಕೈ ಆಡಿಸಿ ನೋಡ್ರಿ, ಗೊತ್ತಾಗ್ತದ" ಎನ್ನುತ್ತಾರೆ. ಹಾಡಿಲ್ಲ, ಕುಣಿತವಿಲ್ಲ. (ಬಿಸಿನೆಸ್ ಖಾತೆಗಳಿಗೆ ಇನ್‌ಸ್ಟಾಗ್ರಾಂ ಸಿನಿಮಾ ಹಾಡುಗಳನ್ನು ಹೆಚ್ಚಾಗಿ ಕೊಡುವುದೂ ಇಲ್ಲ, ನಮಗೆ ಅದರಿಂದ ಒಳ್ಳೆಯದೇ ಆಯಿತು.) ಆ ವಿಡಿಯೋವನ್ನು ನೋಡಿದವರು ನಮ್ಮ ಉಳಿದ ಪೋಸ್ಟುಗಳಿಗಿಂತ ಬಹಳ ಹೆಚ್ಚೇನೂ ಇರಲಿಲ್ಲ, ಆದರೆ ನೋಡಿದವರು ಆರ್ಡರ್ ಮಾಡಿದರು. ಇಂದಿಗೂ ಅದನ್ನು ಖಾತೆಯ ನೆತ್ತಿಯಲ್ಲಿ ಪಿನ್ ಮಾಡಿಟ್ಟಿದ್ದೇನೆ, ಕೇಳಿದವರಿಗೆಲ್ಲ ಅದನ್ನೇ ಕಳುಹಿಸುತ್ತೇನೆ.

ಈಗ ನಿಮ್ಮ ರೊಟ್ಟಿಗೆ ಬರೋಣ. ನಾನೇ ನಿಮ್ಮ ಗ್ರಾಹಕಳಾದರೆ ನನ್ನ ಮೊದಲ ಅನುಮಾನ ರುಚಿಯದಲ್ಲ. ಕೊರಿಯರಿನಲ್ಲಿ ಬೆಂಗಳೂರು ಮುಟ್ಟುವಷ್ಟರಲ್ಲಿ ರೊಟ್ಟಿ ಪುಡಿಪುಡಿ ಆಗಿರುತ್ತದೆಯೇ ಎಂಬುದು. ಹಾಗಾಗಿ ಪ್ಯಾಕ್ ಮಾಡಿದ ಡಬ್ಬಿಯನ್ನು ಸೊಂಟದೆತ್ತರದಿಂದ ನೆಲಕ್ಕೆ ಬಿಟ್ಟು, ವಿಡಿಯೋ ನಿಲ್ಲಿಸದೆ ಅಲ್ಲಿಯೇ ಬಿಚ್ಚಿ, ಎಷ್ಟು ರೊಟ್ಟಿ ಒಡೆದಿವೆ ಎಂದು ಎಣಿಸಿ ತೋರಿಸಿ. ಎರಡು ಒಡೆದಿದ್ದರೆ ಎರಡು ಎಂದೇ ಹೇಳಿ; ಹಾಗೆ ಒಡೆದದ್ದಕ್ಕೆ ಬದಲಾಗಿ ಎರಡು ಹೆಚ್ಚಿಗೆ ಇಡುತ್ತೇವೆಂದು ಹೇಳಿದರೆ ಮಾತು ಮುಗಿಯಿತು. ಆಮೇಲಿನ ಪ್ರಶ್ನೆಗಳನ್ನು ನೀವೇ ಊಹಿಸಬಲ್ಲಿರಿ: ಎಷ್ಟು ದಿನ ಇಡಬಹುದು, ಚಟ್ನಿಗೆ ಬೆಳ್ಳುಳ್ಳಿ ಹಾಕುತ್ತೀರಾ, ಖಾರ ಎಷ್ಟು, ರೊಟ್ಟಿಯನ್ನು ಕೈಯಿಂದ ಬಡಿಯುತ್ತೀರೋ ಮಷಿನ್ನಿನಿಂದಲೋ. ಒಂದೊಂದು ಪ್ರಶ್ನೆಗೂ ಒಂದೊಂದು ವಿಡಿಯೋ ಸಾಕು. ಜೊತೆಗೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ, ಆ 14 ಅಂಕಿಯ ಸಂಖ್ಯೆಯನ್ನು, ತೂಕವನ್ನು, ತಯಾರಿಸಿದ ದಿನಾಂಕವನ್ನು ಪೊಟ್ಟಣದ ಮೇಲೆ ಸ್ಪಷ್ಟವಾಗಿ ಮುದ್ರಿಸಿ. ಮನೆಯಲ್ಲಿ ಮಾಡಿ ಮಾರುವವರಿಗೂ ಆ ನೋಂದಣಿ ಕಡ್ಡಾಯ. ಅಷ್ಟೇ ಅಲ್ಲದೆ, ಗುರುತಿಲ್ಲದವರಿಂದ ತಿನ್ನುವ ವಸ್ತುವನ್ನು ಕೊಳ್ಳುವವರು ಆ ಲೇಬಲ್ಲಿನ ಫೋಟೋವನ್ನು ಹಿಗ್ಗಿಸಿ ನೋಡುತ್ತಾರೆ.

ಬೆಲೆಯನ್ನು ಮಾತ್ರ ಮುಚ್ಚಿಡಬೇಡಿ. "ಬೆಲೆಗೆ ಮೆಸೇಜ್ ಮಾಡಿ" ಎಂಬ ಸಾಲನ್ನು ಓದಿದ ನೂರಾರು ಜನರಲ್ಲಿ ಮೆಸೇಜ್ ಮಾಡುವವರು ಒಬ್ಬಿಬ್ಬರು. ಉಳಿದವರು ದುಬಾರಿ ಇರಬೇಕೆಂದುಕೊಂಡು ಮುಂದೆ ಹೋಗುತ್ತಾರೆ. ಬರಹದ ಭಾಷೆಯ ವಿಚಾರಕ್ಕೂ ಇಲ್ಲಿಯೇ ಒಂದು ಮಾತು: ವಿವರಣೆಯನ್ನು ಕನ್ನಡದಲ್ಲಿಯೇ ಬರೆಯಿರಿ, ಆದರೆ ವಸ್ತುವಿನ ಹೆಸರನ್ನೂ ಊರಿನ ಹೆಸರನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಒಮ್ಮೆ ಸೇರಿಸಿ, ಏಕೆಂದರೆ ಕನ್ನಡಿಗರೇ ಆದರೂ ಹುಡುಕುವಾಗ ಬಹಳಷ್ಟು ಮಂದಿ ಆ ಕೀಬೋರ್ಡಿನಲ್ಲಿಯೇ ಒತ್ತುತ್ತಾರೆ.

ಇನ್‌ಸ್ಟಾಗ್ರಾಂ ಎಂಬುದು ನಮ್ಮ ಪಾಲಿಗೆ ಅಂಗಡಿಯ ಮುಂದಿನ ಬೀದಿ ಇದ್ದಂತೆ. ವ್ಯಾಪಾರ ಕುದುರುವುದು ವಾಟ್ಸ್‌ಆ್ಯಪ್‌ನಲ್ಲಿ. ಉಚಿತವಾಗಿ ಸಿಗುವ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪನ್ನು ಮನೆಯ ನಂಬರಿಗೆ ಹಾಕದೆ ಬೇರೆ ಸಿಮ್ಮಿಗೆ ಹಾಕಿಕೊಳ್ಳಿ, ಕ್ಯಾಟಲಾಗಿನಲ್ಲಿ ಪ್ರತಿ ಪೊಟ್ಟಣದ ತೂಕ, ಬೆಲೆ ಬರೆಯಿರಿ, ಪದೇ ಪದೇ ಕೊಡುವ ಉತ್ತರಗಳನ್ನು ಕ್ವಿಕ್ ರಿಪ್ಲೈಯಲ್ಲಿ ಉಳಿಸಿ, ಹಣ ಬಂದದ್ದು, ಪಾರ್ಸೆಲ್ ಹೋದದ್ದು ಎಂದು ಲೇಬಲ್ ಹಚ್ಚಿ. ಬಹಳ ಜನರಿಗೆ ಗೊತ್ತಿರದ ಒಂದು ಸಂಗತಿ ಇದೆ: ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳುಹಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಹೋದ ಮೆಸೇಜು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಮುಟ್ಟುತ್ತದೆ. ನಾನು ಒಂದು ವರ್ಷ 256 ಜನರ ಪಟ್ಟಿಗೆ ಕಳುಹಿಸುತ್ತ, ಉತ್ತರವಿಲ್ಲವೆಂದು ಬೇಸರಪಟ್ಟಿದ್ದೇನೆ. ಮುಕ್ಕಾಲು ಪಾಲು ಜನರಿಗೆ ಅದು ಹೋಗಿಯೇ ಇರಲಿಲ್ಲ. ಹಣದ ವಿಷಯದಲ್ಲಿ, ಕಳುಹಿಸಿದ್ದೇನೆಂದು ತೋರಿಸುವ ಸ್ಕ್ರೀನ್‌ಶಾಟನ್ನು ನಂಬಿ ಪಾರ್ಸೆಲ್ ಬಿಡಬೇಡಿ, ಬ್ಯಾಂಕ್ ಖಾತೆಯಲ್ಲಿ ಜಮೆ ಆದದ್ದನ್ನು ನೋಡಿಯೇ ಬಿಡಿ. ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಎರಡಕ್ಕೂ ಟೂ ಸ್ಟೆಪ್ ವೆರಿಫಿಕೇಶನ್ (ಖಾತೆ ತೆರೆಯಲು ಇನ್ನೊಂದು ಗುಟ್ಟಿನ ಸಂಖ್ಯೆ ಕೇಳುವ ವ್ಯವಸ್ಥೆ) ಹಾಕಿರಿ. ರಾಜ್ಯದ ಹೊರಗೆ ಮಾರುವುದಕ್ಕೆ ಜಿಎಸ್‌ಟಿ ನಿಯಮ ಬೇರೆಯೇ ಇರುವುದರಿಂದ ಮುಂಬೈ, ಪುಣೆಯ ಆರ್ಡರು ಹಿಡಿಯುವ ಮೊದಲು ಲೆಕ್ಕ ನೋಡುವವರನ್ನು ಒಮ್ಮೆ ಕೇಳಿ.

ದಿನಾ ಪೋಸ್ಟ್ ಹಾಕಬೇಕೆಂಬ ಹಟವನ್ನೂ ಬಿಡಬಹುದು. ವಾರಕ್ಕೆ ಎರಡು ಸಾಕು, ಆದರೆ ಹಬ್ಬದ ಲೆಕ್ಕ ಹಿಡಿದು ಹಾಕಬೇಕು. ಆಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನದಂದು ನಮಗೆ ಹೊಗಳಿಕೆ ಬರುತ್ತದೆ. ಆರ್ಡರು ಬರುವುದು ನಾಗರ ಪಂಚಮಿಗೆ, ಹೆಣ್ಣುಮಕ್ಕಳು ತವರಿಗೆ ಬರುವ ಹೊತ್ತಿಗೆ. ಅದಕ್ಕಾಗಿ ನಾವು ಮೂರು ವಾರ ಮೊದಲೇ ಶುರು ಮಾಡಿ, ಪಾರ್ಸೆಲ್ ಸಮಯಕ್ಕೆ ಮುಟ್ಟಲೆಂದು ಹಬ್ಬಕ್ಕೆ ಎಂಟು ದಿನ ಇರುವಾಗ ಆರ್ಡರ್ ನಿಲ್ಲಿಸುತ್ತೇವೆ. ನಿಮಗೆ ಎಳ್ಳಮಾವಾಸ್ಯೆ ಮತ್ತು ಸಂಕ್ರಾಂತಿಯ ಸಮಯ ಹಾಗೆಯೇ ಒದಗಿಬರುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಬಡಿಯಲು ಪುರುಸೊತ್ತಿಲ್ಲದ ಉತ್ತರ ಕರ್ನಾಟಕದವರೇ ನಿಮ್ಮ ಮೊದಲ ಗಿರಾಕಿಗಳು. ಎಲ್ಲರನ್ನೂ ಮೆಚ್ಚಿಸಲು ಹೋಗದೆ ಅವರೊಂದಿಗೆ ಅವರ ಮಾತಿನಲ್ಲಿಯೇ ಮಾತಾಡಿ.

ಜಾಹೀರಾತು ಬೇಡವೇ ಬೇಡ ಎನ್ನುತ್ತಿಲ್ಲ. ಹಣ ಹಾಕದೆಯೇ ಜನ ತಾವಾಗಿ ಪ್ರಶ್ನೆ ಕೇಳಿದ, ಬೇರೆಯವರಿಗೆ ಕಳುಹಿಸಿದ ವಿಡಿಯೋ ಒಂದು ಸಿಕ್ಕಾಗ, ಅದನ್ನೇ ಬೆಂಗಳೂರಿಗೆ ಸೀಮಿತಗೊಳಿಸಿ, ಒತ್ತಿದವರು ನೇರವಾಗಿ ನಿಮ್ಮ ವಾಟ್ಸ್‌ಆ್ಯಪಿಗೆ ಬರುವಂತೆ ಹೊಂದಿಸಿ, ದಿನಕ್ಕೆ ನೂರು, ನೂರೈವತ್ತು ರೂಪಾಯಿಯಂತೆ ಒಂದು ವಾರ ಓಡಿಸಿ ನೋಡಿ. ಜಾಹೀರಾತಿನ ಹಣದ ಮೇಲೆ ಶೇ. 18ರಷ್ಟು ಜಿಎಸ್‌ಟಿ ಬೀಳುತ್ತದೆ ಎಂಬುದು ಲೆಕ್ಕದಲ್ಲಿರಲಿ. ಎಷ್ಟು ಲೈಕ್ ಬಂದವು ಎಂಬುದನ್ನಲ್ಲ, ಒಂದು ಆರ್ಡರಿಗೆ ಎಷ್ಟು ಖರ್ಚು ಬಿತ್ತು ಎಂಬುದನ್ನು ಬರೆದಿಡಿ. ಅದು ಒಂದು ಪೊಟ್ಟಣದ ಲಾಭಕ್ಕಿಂತ ಹೆಚ್ಚಾಗಿದ್ದರೆ ಅಲ್ಲಿಗೇ ನಿಲ್ಲಿಸಿ.

ಆದರೆ ಈ ತಿಂಗಳ ಐದು ಸಾವಿರದಲ್ಲಿ ದಪ್ಪ ರಟ್ಟಿನ ಡಬ್ಬಿಗಳನ್ನು ಕೊಳ್ಳಿರಿ. ಪ್ರತಿ ಡಬ್ಬಿಯೊಳಗೆ ನಿಮ್ಮ ವಾಟ್ಸ್‌ಆ್ಯಪ್ ನಂಬರನ್ನು ಬರೆದು, "ಈ ನಂಬರನ್ನು ಸೇವ್ ಮಾಡಿಕೊಳ್ಳಿ, ಹಬ್ಬದ ರೊಟ್ಟಿಯ ಸುದ್ದಿ ಇದರಿಂದಲೇ ಬರುತ್ತದೆ" ಎಂಬ ಒಂದು ಚೀಟಿ ಇಡಿ.