ನೌಕಾ ಇತಿಹಾಸದಿಂದ ವಿಜ್ಞಾನ: ಮುಂಬೈಯ ಶಾಲೆಯಲ್ಲಿ ಎಲ್ಲಿಂದ ಆರಂಭಿಸಬಹುದು?

ಮುಂಬೈಯ ಕನ್ನಡ ಮಾಧ್ಯಮದ ಒಂಬತ್ತನೆಯ ತರಗತಿಗೆ ನೌಕಾ ಇತಿಹಾಸದ ಮೂಲಕ ವಿಜ್ಞಾನ ಕಲಿಸುವುದು ಹೇಗೆ ಎಂದು ಕೇಳಿದ್ದೀರಿ. ಯುದ್ಧಗಳ ಇಸವಿಗಳನ್ನು ಬದಿಗಿಟ್ಟು, ಹಡಗಿನ ತಳದಿಂದ ಆರಂಭಿಸುವುದು ಒಳ್ಳೆಯದು.

ವಾಡಿಯಾ ಮನೆತನದವರು ಇದೇ ಊರಿನ ಹಡಗುಕಟ್ಟೆಯಲ್ಲಿ ತೇಗದ ಮರದಿಂದ ಕಟ್ಟಿದ, 1817ರಲ್ಲಿ ನೀರಿಗಿಳಿದ 'ಟ್ರಿಂಕೋಮಲಿ' ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಉಳಿದಿದೆ. ಓಕ್ ಮರದ ಆಮ್ಲ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ತೇಗದ ಎಣ್ಣೆಯ ಅಂಶ ಅದನ್ನು ಕಾಯುತ್ತದೆ.

ಇದಕ್ಕಿಂತ ಸ್ವಾರಸ್ಯಕರವಾದದ್ದು ತಾಮ್ರದ ಕಥೆ. ಮರ ಕೊರೆಯುವ ಕಡಲ ಹುಳುಗಳನ್ನು ತಡೆಯಲು ಬ್ರಿಟಿಷರು 1761ರಲ್ಲಿ 'ಅಲಾರ್ಮ್' ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿದರು. ಎರಡು ವರ್ಷಗಳ ಬಳಿಕ ನೋಡಿದಾಗ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಸವೆದುಹೋಗಿದ್ದವು, ಆದರೆ ತಗಡಿಗೆ ಸುತ್ತಿ ತಂದಿದ್ದ ಕಂದು ಕಾಗದ ನಡುವೆ ಉಳಿದಿದ್ದ ಕಡೆ ಮೊಳೆಗಳು ಗಟ್ಟಿಯಾಗಿಯೇ ಇದ್ದವು. ಉಪ್ಪುನೀರಿನಲ್ಲಿ ಎರಡು ಬೇರೆ ಬೇರೆ ಲೋಹಗಳು ತಾಗಿದರೆ ವಿದ್ಯುತ್ಕೋಶವೇ ಆಗಿ, ಒಂದು ಸವೆದು ಇನ್ನೊಂದು ಉಳಿಯುತ್ತದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. 1824ರಲ್ಲಿ ಇಂಗ್ಲೆಂಡಿನ ರಸಾಯನವಿಜ್ಞಾನಿ ಹಂಫ್ರಿ ಡೇವಿ ಇದೇ ಗುಣವನ್ನು ತಿರುಗಿಸಿ ಬಳಸಿ, ಸತು ಅಥವಾ ಕಬ್ಬಿಣದ ತುಂಡು ಜೋಡಿಸಿ ತಾಮ್ರವನ್ನು ಉಳಿಸಿದರು. ಆದರೆ ಕರಗದ ತಾಮ್ರ ವಿಷ ಬಿಡದೆ, ತಳಕ್ಕೆ ಚಿಪ್ಪುಜೀವಿಗಳು ಮತ್ತೆ ಅಂಟಿಕೊಂಡವು! ಪಠ್ಯಪುಸ್ತಕಗಳು ಇಂತಹ ಅರ್ಧ ಸೋಲುಗಳನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ತರಗತಿಯಲ್ಲಿ ಮೂರು ಲೋಟ ಉಪ್ಪುನೀರು ಸಾಕು: ಒಂದರಲ್ಲಿ ಬರಿಯ ಕಬ್ಬಿಣದ ಮೊಳೆ, ಇನ್ನೊಂದರಲ್ಲಿ ತಾಮ್ರದ ತಂತಿ ಸುತ್ತಿದ ಮೊಳೆ, ಮೂರನೆಯದರಲ್ಲಿ ಸತುವಿನ ಪಟ್ಟಿ ಸುತ್ತಿದ ಮೊಳೆಯನ್ನಿಟ್ಟು, ಯಾವುದು ಮೊದಲು ತುಕ್ಕು ಹಿಡಿಯುವುದೆಂದು ಮಕ್ಕಳು ಮುಂಚಿತವಾಗಿ ಬರೆದಿಡಲಿ.