ನಾಲ್ಕೈದು ದಿನ ಗ್ರಾವೆಲ್ ಸೈಕಲ್ಲಲ್ಲಿ ಹಳ್ಳಿ ಸುತ್ತೋಕೆ ಎಲ್ಲಿಗೆ ಹೋಗ್ಬೇಕು? ನಾಲೆ ಏರಿ ಹಿಡೀರಿ

ಹೊಸದಾಗಿ ಗ್ರಾವೆಲ್ ಸೈಕಲ್ (ಮಣ್ಣು, ಜಲ್ಲಿ ದಾರೀಲೂ ಹೋಗೋ ಅಗಲ ಟೈರಿನ ಸೈಕಲ್) ತಗೊಂಡಿದೀನಿ, ಬೆಂಗಳೂರಿಂದ ತುಂಬಾ ದೂರ ಇರಬಾರದು, ಹೈವೇ ಇರಬಾರದು, ನಾಲ್ಕೈದು ದಿನ ಹಳ್ಳಿಗಳ ಮಧ್ಯೆ ಒಬ್ಬನೇ ತುಳೀಬೇಕು, ಎಲ್ಲಿಗೆ ಹೋಗ್ಲಿ, ದಿನಕ್ಕೆ ಎಷ್ಟು ಕಿಲೋಮೀಟರ್ ಇಟ್ಕೊಳ್ಲಿ ಅಂತ ಕೇಳಿದೀರಿ. ನಾನು ಹೋದ ಡಿಸೆಂಬರಲ್ಲಿ ಶ್ರೀರಂಗಪಟ್ಟಣದಿಂದ ಶುರು ಮಾಡಿ ಮೇಲುಕೋಟೆ, ಶ್ರವಣಬೆಳಗೊಳ, ಅರಸೀಕೆರೆ, ಹಳೇಬೀಡು ಮೇಲೆ ಹಾಸನಕ್ಕೆ ಐದು ದಿನದಲ್ಲಿ ಹೋಗಿದ್ದೆ, ಅದನ್ನೇ ಹೇಳ್ತೀನಿ, ನಿಮಗೆ ಬೇಕಾದ್ದೆಲ್ಲ ಇದರಲ್ಲೇ ಬರತ್ತೆ.

ಮೊದಲು ಒಂದು ಮಾತು. ವಿಡಿಯೋಗಳಲ್ಲಿ ಬರೋ ಹಾಗೆ ಉದ್ದಕ್ಕೂ ಸಣ್ಣ ಜಲ್ಲಿ ಹಾಕಿದ ನುಣ್ಣಗಿನ ಕಚ್ಚಾ ರಸ್ತೆ ನಮ್ಮ ಕಡೆ ಹುಡುಕೋಕೆ ಹೋಗ್ಬೇಡಿ, ಸಿಗಲ್ಲ. ನಮ್ಮ ಕಡೆ ಇರೋದು ನಾಲೆ ಏರಿ, ಕೆರೆ ಏರಿ, ಬಂಡಿ ಜಾಡು, ತೋಟಕ್ಕೆ ಹೋಗೋ ಮಣ್ಣು ದಾರಿ. ಅದರಲ್ಲೂ ನಾಲೆ ಏರಿ ಇದ್ಯಲ್ಲ, ಅದರಂಥ ಸೈಕಲ್ ದಾರಿ ಇನ್ನೊಂದಿಲ್ಲ ಅಂತ ನಾನು ಎದೆ ತಟ್ಟಿ ಹೇಳ್ತೀನಿ. ಯಾಕೆ ಅಂದ್ರೆ ನಾಲೇಲಿ ನೀರು ತಾನಾಗೇ ಹರೀಬೇಕು, ಅದಕ್ಕೆ ಅದನ್ನ ತೆಗೆಯೋರು ಗುಡ್ಡ ಹತ್ತಿಸಲ್ಲ, ಹಳ್ಳಕ್ಕೆ ಇಳಿಸಲ್ಲ, ನೆಲದ ಮಟ್ಟ ಹಿಡ್ಕೊಂಡು ಸುತ್ತಿ ಬಳಸಿ ತಗೊಂಡು ಹೋಗ್ತಾರೆ, ಇಳಿಯೋದು ಕಣ್ಣಿಗೆ ಕಾಣದಷ್ಟು ನಿಧಾನಕ್ಕೆ. ಹಾಗಾಗಿ ನಾಲೆ ಏರಿ ಮೇಲೆ ಹೋಗೋನಿಗೆ ಏರೂ ಇಲ್ಲ ಇಳಿಜಾರೂ ಇಲ್ಲ, ಒಂದು ಕಡೆ ನೀರು, ಇನ್ನೊಂದು ಕಡೆ ಕೆಳಗೆ ಗದ್ದೆ, ಮೇಲ್ಗಡೆ ಹೊಂಗೆ ಮರ. ಆದ್ರೆ ಸುತ್ತು ಜಾಸ್ತಿ, ನೇರವಾಗಿ 8 ಕಿಲೋಮೀಟರ್ ಕಾಣೋ ಊರಿಗೆ ನಾಲೆ ಮೇಲೆ 14-15 ಆಗತ್ತೆ. ಅದಕ್ಕೇ ಹೇಳೋದು, ದಿನಕ್ಕೆ 50 ಕಿಲೋಮೀಟರ್ ಮೇಲೆ ಪ್ಲಾನ್ ಮಾಡ್ಬೇಡಿ. ಟಾರ್ ರೋಡಲ್ಲಿ ನೂರು ತುಳಿಯೋ ನನಗೇ ಇಲ್ಲಿ 50 ಅನ್ನೋದು ಬೆಳಗ್ಗೆ ಏಳರಿಂದ ಸಾಯಂಕಾಲ ನಾಲ್ಕರವರೆಗೆ ಹಿಡೀತು, ನಿಲ್ಲೋದು ಕೂರೋದು ಎಲ್ಲಾ ಸೇರಿ.

ಶುರು ಹೇಗೆ ಅಂದ್ರೆ, ಎರಡೂ ಚಕ್ರ ಬಿಚ್ಚಿ ಬ್ಯಾಗಲ್ಲಿ ಹಾಕಿ ಬಸ್ಸಿನ ಡಿಕ್ಕೀಲಿ ಇಟ್ಕೊಂಡು ಲಗೇಜ್ ಟಿಕೆಟ್ ತಗೊಂಡು ಶ್ರೀರಂಗಪಟ್ಟಣಕ್ಕೆ ಬಂದೆ. ಅಲ್ಲಿಂದ ಪಾಂಡವಪುರದ ಕಡೆ ಹೋದ್ರೆ ಸಿಡಿಎಸ್ ನಾಲೆ ಸಿಗತ್ತೆ, ಚಿಕ್ಕದೇವರಾಯ ಸಾಗರ ನಾಲೆ, ಕನ್ನಂಬಾಡಿ ಕಟ್ಟೋಕೆ ಎಷ್ಟೋ ಮುಂಚಿನದು, ಮೈಸೂರು ಅರಸರ ಹೆಸರಲ್ಲೇ ಇದೆ. ಆಮೇಲೆ ದೊಡ್ಡದು ವಿಶ್ವೇಶ್ವರಯ್ಯ ನಾಲೆ, ಎಲ್ರೂ ವಿ.ಸಿ. ನಾಲೆ ಅಂತಾರೆ. ದೊಡ್ಡ ನಾಲೆ ಏರಿ ಕೆಲವು ಕಡೆ ಟಾರ್ ಆಗಿದೆ, ಟ್ರ್ಯಾಕ್ಟರ್ ಓಡಾಟ ಇದೆ, ಅದರಿಂದ ಒಡೆದು ಹೋಗೋ ಸಣ್ಣ ನಾಲೆಗಳ ಏರಿ ಹಿಡೀರಿ, ಅಲ್ಲಿ ನೀವು, ಬೆಳ್ಳಕ್ಕಿ, ಎಮ್ಮೆ ತೊಳೆಯೋರು, ಅಷ್ಟೇ.

ಇಲ್ಲೊಂದು ವಿಷಯ ಗಂಭೀರವಾಗಿ ತಗೊಳ್ಳಿ. ವಿ.ಸಿ. ನಾಲೆಗೆ ಬಹಳ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರ್ 24ಕ್ಕೆ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ರ ಬಸ್ಸೇ ನಾಲೆಗೆ ಬಿದ್ದು 30 ಜನ ಹೋದ್ರು, ಅದರಲ್ಲಿ ಸ್ಕೂಲ್ ಮಕ್ಕಳೂ ಇದ್ರು. ಆ ಊರಿನ ಮೇಲೆ ಹೋಗುವಾಗ ನನಗೆ ಸೈಕಲ್ ಮೇಲೆ ಕೂರೋಕೆ ಮನಸ್ಸಾಗ್ಲಿಲ್ಲ, ಇಳಿದು ತಳ್ಕೊಂಡೇ ಹೋದೆ. ಕತ್ತಲಾದ ಮೇಲೆ ನಾಲೆ ಏರಿ ಮೇಲೆ ಖಂಡಿತ ಬೇಡ, ಕೈಕಾಲು ತೊಳೆಯೋಕೆ ಅಂತ ದೊಡ್ಡ ನಾಲೆಗೆ ಇಳೀಲೇಬೇಡಿ, ಕಲ್ಲಿನ ಇಳಿಜಾರು ಪಾಚಿ ಕಟ್ಟಿರತ್ತೆ, ಸೆಳೆತ ಮೇಲಿಂದ ನೋಡಿದ್ರೆ ಗೊತ್ತೇ ಆಗಲ್ಲ. ತೊಳೀಬೇಕಂದ್ರೆ ಮೆಟ್ಟಿಲು ಇರೋ ಕಡೆ, ಊರವರು ಬಟ್ಟೆ ಒಗೀತಿರೋ ಕಡೆ ಮಾತ್ರ.

ಪಾಂಡವಪುರ ದಾಟಿದ ಮೇಲೆ ಆಲೆಮನೆಗಳು. ದೂರದಿಂದಲೇ ಹೊಗೆ ಕಾಣತ್ತೆ, ಆಮೇಲೆ ವಾಸನೆ. ಒಂದು ಕಡೆ ಸೈಕಲ್ ನಿಲ್ಲಿಸಿ ನೋಡ್ತಾ ನಿಂತೆ, ಕೊಪ್ಪರಿಗೆ ಹತ್ರ ಪಾಕ ತಿರುಗಿಸ್ತಿದ್ದೋರು "ಯಾಕ್ ಸಾ ಅಲ್ಲೇ ನಿಂತ್ಕಂಡ್ರಿ, ಬನ್ನಿ ಒಳಕ್ಕೆ, ಯಾವೂರು ನಿಮ್ದು" ಅಂತ ಕರೆದು ಒಂದು ಚೊಂಬು ಕಬ್ಬಿನ ಹಾಲು ಕೊಟ್ರು, ಆಮೇಲೆ ಕಬ್ಬಿನ ತುಂಡಿನ ತುದೀಲಿ ಬಿಸಿ ಬೆಲ್ಲ ಸುತ್ತಿ ಕೊಟ್ರು. ದುಡ್ಡು ಕೊಡೋಕೆ ಹೋದೆ, ಬೇಜಾರ್ ಮಾಡ್ಕೊಂಡ್ರು. ಎರಡು ಕೆಜಿ ಅಚ್ಚು ಬೆಲ್ಲ ತಗೊಂಡೆ, ಅದಕ್ಕೆ ದುಡ್ಡು ತಗೊಂಡ್ರು, ಹಾಗೆ ಮಾಡಿ ನೀವೂ. ಐದು ದಿನ ನನಗೆ ಅದೇ ಎನರ್ಜಿ ಬಾರ್, ಒಂದು ಅಚ್ಚು ಬೆಲ್ಲ, ಒಂದು ಹಿಡಿ ಕಡ್ಲೇಕಾಯಿ.

ತೊಣ್ಣೂರು ಕೆರೆ ಏರಿ ಮೇಲೆ ಮಧ್ಯಾಹ್ನ ಕೂತೆ. ಎರಡು ಗುಡ್ಡದ ಮಧ್ಯೆ ಕಟ್ಟಿದ ಕೆರೆ ಅದು, ರಾಮಾನುಜಾಚಾರ್ಯರ ಜೊತೆ ಅದರ ಕಥೆ ಸೇರ್ಕೊಂಡಿದೆ, ಮೋತಿ ತಲಾಬ್ ಅಂತಲೂ ಹೆಸರು, ಮುತ್ತಿನ ಕೆರೆ. ನೀರು ನೋಡಿದ್ರೆ ಆ ಹೆಸರು ಯಾಕೆ ಅಂತ ಗೊತ್ತಾಗತ್ತೆ. ಭಾನುವಾರ ಹೋಗ್ಬೇಡಿ, ಗಲಾಟೆ. ಅಲ್ಲಿಂದ ಜಕ್ಕನಹಳ್ಳಿ ಮೇಲೆ ಮೇಲುಕೋಟೆ, ಈ ಪ್ರಯಾಣದಲ್ಲಿ ನಿಜವಾದ ಏರು ಅಂದ್ರೆ ಇದೇ, ಲಗೇಜ್ ಇಟ್ಕೊಂಡು ಹತ್ತೋಕೆ ಚಿಕ್ಕ ಗೇರ್ ಬೇಕೇಬೇಕು, ಹಿಂದಿನ ಹಲ್ಲು ಚಕ್ರಗಳಲ್ಲಿ ದೊಡ್ಡದಕ್ಕೆ 40ಕ್ಕಿಂತ ಜಾಸ್ತಿ ಹಲ್ಲಿದ್ರೆ ಒಳ್ಳೇದು. ಸುತ್ತಲಿನ ಕುರುಚಲು ಕಾಡು ತೋಳಗಳಿಗೆ ಅಂತಲೇ 1974ರಲ್ಲಿ ವನ್ಯಧಾಮ ಮಾಡಿದ್ದು, ಅದಕ್ಕೆ ಒಳದಾರಿ ಹುಡುಕ್ಕೊಂಡು ಕಾಡೊಳಗೆ ನುಗ್ಗಬೇಡಿ, ಟಾರ್ ರೋಡಲ್ಲೇ ಹತ್ತಿ. ಉಳಿಯೋಕೆ ಛತ್ರಗಳಿವೆ, ಸಾಯಂಕಾಲ ಕಲ್ಯಾಣಿ ಮೆಟ್ಟಿಲ ಮೇಲೆ ಕಾಲು ನೀಡ್ಕೊಂಡು ಕೂತ್ಕೊಳ್ಳಿ, ಪುಳಿಯೋಗರೆ ತಿನ್ನಿ, ಬೇಗ ಮಲ್ಕೊಳ್ಳಿ.

ಎರಡನೇ ದಿನ ಕೆ.ಆರ್.ಪೇಟೆ ಮೇಲೆ ಶ್ರವಣಬೆಳಗೊಳ. ಹೊಸಹೊಳಲಲ್ಲಿ ಹೊಯ್ಸಳರ ಲಕ್ಷ್ಮೀನಾರಾಯಣ ಗುಡಿ ಇದೆ, ಊರ ಮಧ್ಯ, ಮನೆಗಳ ನಡುವೆ, ನಾನು ಹೋದಾಗ ಅಲ್ಲಿ ನಾನೊಬ್ನೇ. ಬೇಲೂರಿನ ಕೆತ್ತನೇನ ಜನಜಂಗುಳೀಲಿ ನೋಡಿದೋರು ಇಲ್ಲಿಗೊಂದ್ಸಲ ಬರಬೇಕು, ಕೈಗೆಟುಕೋ ಎತ್ತರದಲ್ಲಿ ರಾಮಾಯಣ ಇದೆ, ಒಂದು ಗಂಟೆ ಸುತ್ತಿದ್ರೂ ಯಾರೂ ಏನೂ ಅನ್ನಲ್ಲ. ಕಿಕ್ಕೇರೀಲಿ ಬ್ರಹ್ಮೇಶ್ವರ ಗುಡಿ, ಅದು 1171ರದ್ದು, ಪಕ್ಕದಲ್ಲೇ ಕೆರೆ. ಟೈಮ್ ಇದ್ರೆ ಹೇಮಗಿರಿ ಕಡೆ ಹೋಗಿ ಹೇಮಾವತಿ ಅಣೆಕಟ್ಟೆಯ ಹಳೇ ನಾಲೆ ಹಿಡೀಬಹುದು, ನಾನು ಅರ್ಧ ಮಾತ್ರ ಹೋಗಿದ್ದೆ.

ಕಿಕ್ಕೇರಿ ಆದ ಮೇಲೆ ನನಗೆ ಆಗಿದ್ದು ಹೇಳ್ಬೇಕು, ಇದನ್ನ ಮೊದಲೇ ಯಾರಾದ್ರೂ ಹೇಳಿದ್ರೆ ಒಂದು ಗಂಟೆ ಉಳೀತಿತ್ತು. ಡಿಸೆಂಬರ್, ಜನವರೀಲಿ ಹಳ್ಳಿ ರೋಡೇ ಕಣ. ರಾಗಿ, ಹುರುಳಿ ರೋಡಿಗೆ ಅಡ್ಡಲಾಗಿ ಹಾಸಿರ್ತಾರೆ, ಗಾಡಿಗಳು ತುಳಿದು ತುಳಿದು ಒಕ್ಕಣೆ ಆಗತ್ತೆ. ರಾಗಿ ಪರವಾಗಿಲ್ಲ. ಹುರುಳಿ ಬಳ್ಳಿ ಮಾತ್ರ ಹಗ್ಗದ ಥರ, ನಾನು ಮೇಲೇ ಓಡಿಸ್ಕೊಂಡು ಹೋದೆ, ಹತ್ತು ಮೀಟರ್ ಹೋಗೋದ್ರೊಳಗೆ ಹಿಂದಿನ ಗೇರ್‌ಗಳಿಗೆ ಸುತ್ಕೊಂಡು, ಚೈನನ್ನ ಒಂದು ಗೇರಿಂದ ಇನ್ನೊಂದಕ್ಕೆ ದಾಟಿಸೋ ಡಿರೇಲರ್ ಎಳ್ಕೊಂಡು ಚಕ್ರ ನಿಂತೇ ಹೋಯ್ತು, ಅದನ್ನ ಫ್ರೇಮಿಗೆ ಸೇರಿಸೋ ಹ್ಯಾಂಗರ್ ಬಗ್ಗಿ ಹೋಗಿತ್ತು. ಅಲ್ಲೇ ಹುರುಳಿ ತಿರುವಿ ಹಾಕ್ತಿದ್ದ ಅಜ್ಜಿ ಓಡಿ ಬಂದು "ಅಯ್ಯೋ ಮಗ, ಇಳ್ದು ತಳ್ಕಂಡೋಗಬಾರ್ದಾ" ಅಂತ ಹೇಳಿ ಕುಡುಗೋಲು ತಗೊಂಡು ಒಂದೊಂದೇ ಬಳ್ಳಿ ಬಿಡಿಸಿದ್ರು, ನಾನು "ಅವ್ವಾ, ನಿಮ್ಮ ಕೈಗೆ ಗ್ರೀಸ್ ಆಗತ್ತೆ ಬಿಡಿ" ಅಂದ್ರೆ ಕೇಳ್ಲೇ ಇಲ್ಲ. ಆಮೇಲೆ "ಉಂಡ್ಯಾ" ಅಂತ ಕೇಳಿ, ಬೇಡ ಅಂದ್ರೂ ಮನೇಲಿ ಕೂರಿಸಿ ಮುದ್ದೆ, ಅವರೆಕಾಳು ಸಾರು ಹಾಕಿದ್ರು. ಸೊಗಡವರೆ ಕಾಲ ಅದು. ಸ್ಪೇರ್ ಹ್ಯಾಂಗರ್ ನನ್ನ ಹತ್ರ ಇತ್ತು, ಬದಲಾಯಿಸಿದೆ. ನಿಮ್ಮ ಫ್ರೇಮಿಗೆ ಸರಿಹೊಂದೋ ಹ್ಯಾಂಗರ್ ಒಂದು ಖಂಡಿತ ಇಟ್ಕೊಳ್ಳಿ, ಪ್ರತಿ ಕಂಪನಿ ಸೈಕಲ್ಲಿಗೂ ಬೇರೆ ಬೇರೆ ಇರತ್ತೆ, ಕೆ.ಆರ್.ಪೇಟೇಲಾಗ್ಲಿ ಚನ್ನರಾಯಪಟ್ಟಣದಲ್ಲಾಗ್ಲಿ ಸಿಗೋ ಸಾಮಾನಲ್ಲ. ಹುರುಳಿ ಕಂಡ ಕಡೆ ಸೈಕಲ್ ಎತ್ಕೊಂಡು ಅಂಚಲ್ಲಿ ನಡೀರಿ.

ಟೈರ್ ವಿಷಯ. 40ರಿಂದ 45 ಎಂಎಂ ಅಗಲ ಬೇಕು, ಟ್ಯೂಬ್‌ಲೆಸ್ ಮಾಡಿಸಿ ಸೀಲೆಂಟ್ ಹಾಕ್ಸಿ, ಅದು ಸಣ್ಣ ತೂತು ತಾನಾಗೇ ಮುಚ್ಚೋ ದ್ರವ. ಇಲ್ಲಿ ಶತ್ರು ಅಂದ್ರೆ ಕಲ್ಲಲ್ಲ, ಜಾಲಿ ಮುಳ್ಳು ಮತ್ತೆ ನೆಗ್ಗಿಲು ಮುಳ್ಳು, ಕೆರೆ ಏರಿ ಮೇಲೆ ನೆಗ್ಗಿಲು ಹೆಂಗೆ ಬಿದ್ರೂ ಒಂದು ಮುಳ್ಳು ಮೇಲಕ್ಕೇ ಇರತ್ತೆ. ಸಂಜೆ ಟೈರಿಂದ ಏಳೆಂಟು ಮುಳ್ಳು ಕಿತ್ತಿದೀನಿ, ಗಾಳಿ ಇಳಿದಿರ್ಲಿಲ್ಲ. ನಿಮ್ಮದು ಪ್ರೆಸ್ಟಾ ವಾಲ್ವ್, ಅಂದ್ರೆ ಗಾಳಿ ಹಾಕೋ ತೆಳ್ಳಗಿನ ಉದ್ದ ಮೂತಿ, ಆಗಿದ್ರೆ ಹಿತ್ತಾಳೆ ಅಡಾಪ್ಟರ್ ಒಂದು ಜೇಬಲ್ಲಿ ಇರ್ಲಿ, ಅದಿದ್ರೆ ಯಾವ ಟ್ರ್ಯಾಕ್ಟರ್ ಪಂಚರ್ ಅಂಗಡೀಲೂ ಗಾಳಿ ಹಾಕಿಸ್ಬಹುದು. ಹಳ್ಳಿ ಸೈಕಲ್ ಶಾಪಿನ 28 ಇಂಚಿನ ಟೈರ್ ನಿಮ್ಮ 700 ಸೈಜಿನ ರಿಮ್ಮಿಗೆ ಕೂರಲ್ಲ, ಎರಡರ ಅಳತೆ ಬೇರೆ, ಅದನ್ನ ನಂಬ್ಕೊಂಡು ಹೋಗ್ಬೇಡಿ. ಶೂ ಮಾತ್ರ ಮಾಮೂಲಿ ಶೂ, ಮಾಮೂಲಿ ಪೆಡಲ್. ಪೆಡಲಿಗೆ ಕಚ್ಕೊಳ್ಳೋ ಕ್ಲೀಟ್ ಇರೋ ಶೂ ಹಾಕ್ಕೊಂಡು ಕೆರೆ ಏರಿ ಇಳಿಯೋಕಾಗಲ್ಲ, ಗುಡಿ ಸುತ್ತೋಕಾಗಲ್ಲ.

ದಾರಿ ಹುಡುಕೋಕೆ ಸ್ಯಾಟಲೈಟ್ ಮ್ಯಾಪಲ್ಲಿ ನಾಲೆ ಗೆರೆ ಹಿಡ್ಕೊಂಡು ಹೋಗಿ ನೋಡಿ, ಅದರ ಜೊತೆಗೆ ಕಂದಾಯ ಇಲಾಖೆಯ ಗ್ರಾಮ ನಕ್ಷೆ ಆನ್‌ಲೈನಲ್ಲಿ ಸಿಗತ್ತೆ, ಅದರಲ್ಲಿ ಬಂಡಿ ದಾರಿ, ಕಾಲು ದಾರಿ ಗುರುತು ಮಾಡಿರ್ತಾರೆ. ಊರವರು ಅದನ್ನ ನಕಾಶೆ ದಾರಿ ಅಂತಾರೆ. "ಇದು ನಕಾಶೆ ದಾರೀನಾ ಯಜಮಾನ್ರೇ, ಆ ಕಡೆಗೆ ಹೋಗತ್ತಾ" ಅಂತ ಕೇಳಿದ್ರೆ ಸರಿಯಾದ ಉತ್ತರ ಬರತ್ತೆ, ಯಾಕೆಂದ್ರೆ ಯಾವುದು ಎಲ್ರ ದಾರಿ, ಯಾವುದು ಯಾರ ಜಮೀನಿನ ದಾರಿ ಅನ್ನೋದು ಅಲ್ಲಿ ಎಲ್ರಿಗೂ ಗೊತ್ತು. ಒಬ್ಬರ ತೋಟದೊಳಗಿಂದ ಹೋಗ್ಬೇಕಾದ್ರೆ ಕೇಳಿಯೇ ಹೋಗಿ, ಯಾರೂ ಇಲ್ಲ ಅಂದ್ರೆ ವಾಪಸ್ ಬನ್ನಿ.

ಶ್ರವಣಬೆಳಗೊಳದಲ್ಲಿ ಉಳಿಯೋಕೆ ಜೈನ ಯಾತ್ರಿಕರ ವಸತಿಗಳಿವೆ, ಆದ್ರೆ ಅಲ್ಲಿ ಊಟ ಸೂರ್ಯ ಮುಳುಗೋ ಮುಂಚೆ, ಲೇಟಾಗಿ ಹೋಗಿ ಹಸ್ಕೊಂಡು ಮಲಗ್ಬೇಡಿ. ಬೆಟ್ಟ ಬೆಳಗ್ಗೆ ಬೇಗ ಹತ್ತಿ, 600ಕ್ಕೂ ಜಾಸ್ತಿ ಮೆಟ್ಟಿಲು, ಬರಿಗಾಲು, ಬಿಸಿಲೇರಿದ್ರೆ ಬಂಡೆ ಸುಡತ್ತೆ. ಇಲ್ಲಿ ರೈಲ್ವೆ ಸ್ಟೇಷನ್ನೂ ಇದೆ, ಕಾಲು ನೋವು, ಸೈಕಲ್ ಕೆಟ್ಟೋಯ್ತು ಅಂದ್ರೆ ಬೆಂಗಳೂರಿಗೆ ಇಲ್ಲಿಂದಲೇ ವಾಪಸ್ ಹೋಗ್ಬಹುದು, ಒಬ್ರೇ ಹೋಗೋರಿಗೆ ಅದು ದೊಡ್ಡ ಧೈರ್ಯ.

ಮೂರನೇ ದಿನ ಚನ್ನರಾಯಪಟ್ಟಣ, ನುಗ್ಗೇಹಳ್ಳಿ, ಗಂಡಸಿ, ಅರಸೀಕೆರೆ. ತೆಂಗಿನ ತೋಟಗಳ ಮಧ್ಯೆ ನೆರಳು ಚೆನ್ನಾಗಿದೆ, ಆದ್ರೆ ಆ ದಿನ 70 ದಾಟ್ತು, ನಾನು ಮಾಡಿದ ತಪ್ಪು ಅದು, ನೀವು ಅದನ್ನ ಎರಡು ದಿನ ಮಾಡ್ಕೊಳ್ಳಿ. ನುಗ್ಗೇಹಳ್ಳಿ ಲಕ್ಷ್ಮೀನರಸಿಂಹ ಗುಡಿ, 1246ರದ್ದು, ಮಲ್ಲಿತಮ್ಮ, ಬೈಚೋಜ ಅಂತ ಶಿಲ್ಪಿಗಳು ಕೆಲಸದ ಕೆಳಗೆ ಹೆಸರು ಕೆತ್ತಿದಾರೆ. ನಾಲ್ಕನೇ ದಿನ ಹಾರನಹಳ್ಳಿ, ಜಾವಗಲ್, ಹಳೇಬೀಡು, ಸಲೀಸು. ಐದನೇ ದಿನ ದೊಡ್ಡಗದ್ದವಳ್ಳಿ ಮೇಲೆ ಹಾಸನ, ಅಲ್ಲಿಂದ ರೈಲು. ಬೇಲೂರಿಂದ ಆಚೆ ಬಿಕ್ಕೋಡು, ಅರೇಹಳ್ಳಿ ಕಡೆ ಕಾಫಿ ತೋಟ ನೋಡೋ ಆಸೆ ಆಗತ್ತೆ, ಬೇಡ, ಕಾಡಾನೆ ಕಾಟ ಇದೆ, ಒಬ್ರೇ ಸೈಕಲ್ಲಲ್ಲಿ ಹೋಗೋ ಜಾಗ ಅಲ್ಲ. ಕಬ್ಬಿನ ಗದ್ದೆ ಕಡೆ ಚಿರತೆ ಇರತ್ತೆ, ಅದಕ್ಕೆ ಬೆಳಕು ಹರಿದ ಮೇಲೆ ಹೊರಡಿ, ಐದು ಗಂಟೆಗೆ ಮುಂಚೆ ರೂಮ್ ಸೇರ್ಕೊಳ್ಳಿ.

ನಾಯಿ ಬಗ್ಗೆ ಭಯ ಇದ್ರೆ, ಅಟ್ಟಿಸ್ಕೊಂಡು ಬಂದ್ರೆ ಜೋರಾಗಿ ತುಳೀಬೇಡಿ, ಇಳಿದು ಸೈಕಲ್ ನಿಮ್ಮ ಮತ್ತೆ ಅದರ ಮಧ್ಯ ಇಟ್ಕೊಂಡು ನಿಧಾನಕ್ಕೆ ನಡೀರಿ, ಮನೆಯವರು ಯಾರಾದ್ರೂ ಕೂಗಿ ಕರೀತಾರೆ. ಅಕಸ್ಮಾತ್ ಕಚ್ಚಿದ್ರೆ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿಸ್ಕೊಳ್ಳಿ, ಪ್ರಯಾಣ ಮುಗಿದ ಮೇಲೆ ನೋಡೋಣ ಅನ್ಬೇಡಿ.

ಮಳೆಗಾಲದಲ್ಲಿ ಹೋಗ್ಬಹುದಾ ಅಂದ್ರೆ, ಈ ಕಡೆ ಕೆಮ್ಮಣ್ಣು ಜಾಸ್ತಿ, ಮಳೆ ನಿಂತು ಅರ್ಧ ದಿನಕ್ಕೆ ದಾರಿ ಗಟ್ಟಿಯಾಗತ್ತೆ, ಆದ್ರೂ ನಾಲೆ ಏರಿ ಜಾರತ್ತೆ. ಗದಗ, ನವಲಗುಂದ ಕಡೆ ಎರೆ ಭೂಮೀಲಿ ಮಾತ್ರ ಮಳೇಲಿ ಹೋಗ್ಲೇಬೇಡಿ, ಒಂದ್ಸಲ ಹೋಗಿ ಚಕ್ರ, ಬ್ರೇಕ್, ಫ್ರೇಮ್ ಎಲ್ಲಾ ಮಣ್ಣಲ್ಲಿ ಹೂತು ಸೈಕಲ್ ಹೊತ್ಕೊಂಡು ನಡೆದಿದೀನಿ. ನವೆಂಬರ್ ಕೊನೆಯಿಂದ ಜನವರಿ ಕೊನೆ ಒಳ್ಳೇ ಟೈಮು, ಕೆರೆ ತುಂಬಿರತ್ತೆ, ಆಲೆಮನೆ ನಡೀತಿರತ್ತೆ, ಅವರೆ ಇರತ್ತೆ. ನಾಲೇಲಿ ನೀರು ಕಟ್ಟು ಪದ್ಧತೀಲಿ ಬಿಡ್ತಾರೆ, ಕೆಲವು ದಿನ ತುಂಬಿ ಹರಿಯತ್ತೆ, ಕೆಲವು ದಿನ ಖಾಲಿ. ನಿಮಗೆ ನೀರಿನ ಪಕ್ಕ ಹೋಗೋ ಆಸೆ ಇದ್ರೆ ಹೊರಡೋ ವಾರ ಮುಂಚೆ ಪಾಂಡವಪುರ ಕಡೆಯೋರು ಯಾರಾದ್ರೂ ಪರಿಚಯ ಇದ್ರೆ ಫೋನ್ ಮಾಡಿ "ನಾಲೆಗೆ ನೀರು ಬಿಟ್ಟವ್ರಾ" ಅಂತ ಕೇಳ್ಕೊಂಡು ಡೇಟ್ ಫಿಕ್ಸ್ ಮಾಡ್ಕೊಳ್ಳಿ.